ವಿದ್ಯುತ್ ಗಿಟಾರಿನ ಪ್ರಥಮದರ್ಶನ ಮೀಮಾಂಸೆ: ಬಸವನಗುಡಿ ಪಾಠ

1. ಗ್ರಂಥಾರಂಭ

ಶಾಸ್ತ್ರಗ್ರಂಥ ಬರೆಯಹೊರಟವನು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕೆಂದು ಪೂರ್ವಾಚಾರ್ಯರು ವಿಧಿಸಿದ್ದಾರೆ: ವಿಷಯ ಯಾವುದು, ಅಧಿಕಾರಿ ಯಾರು, ಸಂಬಂಧ ಎಂಥದು, ಪ್ರಯೋಜನ ಏನು. ಈ ಅನುಬಂಧ ಚತುಷ್ಟಯವಿಲ್ಲದೆ ಹೊರಬಿದ್ದ ಗ್ರಂಥಗಳ ಗತಿ ಏನಾಗುತ್ತದೆಂಬುದನ್ನು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಯಾರು ಬೇಕಾದರೂ ನೋಡಿಬರಬಹುದು. ಆದ್ದರಿಂದ ವಿಧಿಗೆ ತಲೆಬಾಗುತ್ತೇವೆ.

ವಿಷಯ: ಹೊಸದಾಗಿ ಕೊಂಡುತಂದ ವಿದ್ಯುತ್ ಗಿಟಾರು. ಅದನ್ನು ಕಂಡಾಗ, ಮುಟ್ಟಿದಾಗ, ಮೀಟಿದಾಗ ಬಸವನಗುಡಿಯ ಗೃಹಸ್ಥನೊಬ್ಬನಿಗೂ ಅವನ ಮನೆಮಂದಿಗೂ ಉಂಟಾಗುವ ಜ್ಞಾನ.

ಅಧಿಕಾರಿ: ಐವತ್ತು ದಾಟಿರಬೇಕು, ಮಕ್ಕಳ ಫೀಸು ಮುಗಿದಿರಬೇಕು, ಇಳಯರಾಜಾ ಸಂಗೀತ ಕೊಟ್ಟ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟು ಸವೆಯುವವರೆಗೆ ಕೇಳಿರಬೇಕು. ಹದಿಹರೆಯದವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವರು ಗಿಟಾರು ಕೈಗೆ ಬಂದೊಡನೆ ನುಡಿಸಲು ಕೂರುತ್ತಾರೆ. ಮೀಮಾಂಸೆಗೆ ಅವಕಾಶವೇ ಉಳಿಯುವುದಿಲ್ಲ.

ಸಂಬಂಧ: ಗಿಟಾರು ದಿವಾನದ ಮೇಲಿದೆ, ಗ್ರಂಥಕಾರ ಎದುರಿನ ಬೆತ್ತದ ಕುರ್ಚಿಯಲ್ಲಿದ್ದಾನೆ. ಸದ್ಯಕ್ಕೆ ಇಬ್ಬರ ಸಂಬಂಧ ಇಷ್ಟೇ.

ಪ್ರಯೋಜನ: ಅಂಗಡಿಯವರು ವಾಪಸು ತೆಗೆದುಕೊಳ್ಳುವ ಅವಧಿ ಮುಗಿಯುವುದರೊಳಗೆ ಒಂದು ನಿರ್ಣಯಕ್ಕೆ ಬರುವುದು.

ಪತ್ತೇದಾರಿ ಕಾದಂಬರಿಯಲ್ಲಿ ಮಾತ್ರ ಸಿದ್ಧಾಂತವನ್ನು ಕೊನೆಗೆ ಹೇಳುತ್ತಾರೆ. ನಾವು ಈಗಲೇ ಹೇಳಿಬಿಡುತ್ತೇವೆ: ವಿದ್ಯುತ್ ಗಿಟಾರು ಮೌನವಾದ್ಯ. ಗೋಡೆಗೆ ಗೋಡೆ ತಾಗಿದ ಹಳೇ ಬೆಂಗಳೂರಿನ ಮನೆಗಳಿಗೆ ಇದಕ್ಕಿಂತ ಒಗ್ಗುವ ವಾದ್ಯ ಇನ್ನೊಂದಿಲ್ಲ. ಇದನ್ನು ಓದಿ ನಕ್ಕವರು ಪೂರ್ವಪಕ್ಷಿಗಳು. ಅವರ ಸರದಿ ಐದನೆಯ ಪ್ರಕರಣದಲ್ಲಿ ಬರುತ್ತದೆ.

2. ವಂಶಾವಳಿ

ಗಿಟಾರಿಗೆ ಕರೆಂಟು ಬಂದದ್ದು ಶೋಕಿಗಲ್ಲ, ಸಂಕಟಕ್ಕೆ. 1920ರ ದಶಕದ ಅಮೆರಿಕದಲ್ಲಿ ಕಹಳೆ, ಸ್ಯಾಕ್ಸೊಫೋನು, ಡ್ರಮ್ಮುಗಳ ದೊಡ್ಡ ಮೇಳಗಳು ಮೆರೆಯತೊಡಗಿದಾಗ ನಡುವೆ ಕೂತ ಗಿಟಾರಿನವನು ನುಡಿಸುತ್ತಿದ್ದಾನೆಂಬುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಬೀಳುತ್ತಿರಲಿಲ್ಲ. ಲಾಸ್ ಏಂಜಲೀಸಿನಲ್ಲಿ ಹವಾಯಿಯನ್ ಗಿಟಾರು ನುಡಿಸಿಕೊಂಡಿದ್ದ ಜಾರ್ಜ್ ಬೀಚಮ್ ಇದಕ್ಕೊಂದು ದಾರಿ ಹುಡುಕಿದ. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ 1931–32ರ ಸುಮಾರಿಗೆ ಅವನು ಹೊರತಂದ ಗಿಟಾರಿನ ಒಡಲು ಅಲ್ಯೂಮಿನಿಯಂ ಎರಕದ್ದು, ಉರುಟಾದದ್ದು. ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಎಂದೇ ಕರೆದರು. ಕಾವಲಿಯ ಮುಂದೆ ಕೂಪನ್ ಹಿಡಿದು ಕಾಯುವ ಗಾಂಧಿ ಬಜಾರಿನವರಿಗೆ ಇದರಲ್ಲಿ ಅಪಹಾಸ್ಯ ಕಾಣುವುದಿಲ್ಲ, ಗೌರವವೇ ಕಾಣುತ್ತದೆ. ಪೇಟೆಂಟು ಕಚೇರಿಗೆ ಮಾತ್ರ ಈ ಯಂತ್ರ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಸಂಶಯ. ರಿಕನ್‌ಬ್ಯಾಕರ್ ವಾದಕರನ್ನೇ ಕಚೇರಿಗೆ ಕಳಿಸಿ ನುಡಿಸಿ ತೋರಿಸಬೇಕಾಯಿತು. 1934ರಲ್ಲಿ ಹಾಕಿದ ಅರ್ಜಿಗೆ 1937ರಲ್ಲಿ ಪೇಟೆಂಟು ಸಿಕ್ಕಿತು.

ಈಗ ಇತ್ತ ತಿರುಗೋಣ. ಅದೇ 1920ರ ದಶಕ, ಅದೇ ಸಂಕಟ, ಊರು ಮಾತ್ರ ಮೈಸೂರು. ಮೈಕಿಲ್ಲದ ಸಭೆ, ತುಂಬಿದ ಜನ, ಮುಂದೆ ಘಂಟಾನಾದದ ಗಾಯಕರು, ಪಕ್ಕದಲ್ಲಿ ಮೃದಂಗ. ಪಿಟೀಲು ಹಿಂದಿನ ಸಾಲಿಗೆ ಕೇಳುವುದು ಹೇಗೆ? ತಿರುಮಕೂಡಲಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನು ಮೂರು ತಂತಿ ಸೇರಿಸಿ ಏಳು ಮಾಡಿದರು. ನಾದ ತುಂಬಿಕೊಂಡಿತು, ಹಿಂದಿನ ಸಾಲು ಸುಮ್ಮನಾಯಿತು.

ಒಬ್ಬರು ತಂತಿ ಹೆಚ್ಚಿಸಿದರು, ಇನ್ನೊಬ್ಬರು ತಂತಿಯ ಕೆಳಗೆ ತಂತಿ ಸುತ್ತಿಟ್ಟರು. ರೋಗ ಒಂದೇ, ಔಷಧ ಬೇರೆ. ಆದ್ದರಿಂದ ಚೌಡಯ್ಯನವರ ಪಿಟೀಲೂ ಬೀಚಮ್‌ನ ಗಿಟಾರೂ ದಾಯಾದಿಗಳೆಂದು ಸ್ಥಾಪಿಸುತ್ತೇವೆ. ಇಬ್ಬರ ನಡುವೆ ಪತ್ರವ್ಯವಹಾರವಿತ್ತೆಂದು ಯಾರೂ ಹೇಳಿಲ್ಲ. ಇರಲಿಲ್ಲವೆಂದೂ ಯಾರೂ ಹೇಳಿಲ್ಲದ ಕಾರಣ ನಮ್ಮ ಸಂಶೋಧನೆಗೆ ಬಾಧಕವಿಲ್ಲ.

ಪ್ರಸ್ತುತ ಗಿಟಾರಿನ ಗೋತ್ರವನ್ನೂ ಹೇಳಿಬಿಡಬೇಕು. ಲಿಯೋ ಫೆಂಡರನ ಕಂಪನಿ 1954ರಲ್ಲಿ ತಂದ ಸ್ಟ್ರಾಟೊಕಾಸ್ಟರಿನ ಆಕಾರವೇ ಇದರದು: ಎರಡು ಕೊಂಬು, ಮೂರು ಪಿಕಪ್ಪು, ಒಂದೇ ಕಡೆ ಸಾಲಾಗಿ ಆರು ಬಿರಡೆ. ಆಕಾರ ಅದೇ, ಬೆಲೆ ಅದಲ್ಲ. ಇದರ ಬಗ್ಗೆ ಮನೆಯಲ್ಲಿ ಹೇಳಿದ ಅಂಕಿಯನ್ನೇ ಇಲ್ಲೂ ಹೇಳಬೇಕಾಗುವುದರಿಂದ ಆ ವಿಷಯವನ್ನು ಬಿಟ್ಟಿದ್ದೇವೆ.

3. ಪ್ರತ್ಯಕ್ಷ ಪ್ರಕರಣ

ಪ್ರಥಮ ಪ್ರತ್ಯಕ್ಷ ನಡೆಯುವುದು ಅಂಗಡಿಯಲ್ಲಿ. ಅಂಗಡಿಯ ಹುಡುಗ ‘ಚೆಕ್ ಮಾಡಿ ಕೊಡ್ತೀನಿ ಅಂಕಲ್’ ಎಂದು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮೊಬೈಲಿನ ಮೇಲಿರುವಾಗಲೇ ಮಿಂಚಿನಂತೆ ಏನನ್ನೋ ನುಡಿಸಿ ಮುಗಿಸುತ್ತಾನೆ. ಅದೇ ಗಿಟಾರು ಮನೆಗೆ ಬಂದ ಮೇಲೆ ಅದೇ ಸ್ವರಗಳನ್ನು ಹೊರಡಿಸುವುದಿಲ್ಲ. ಗುಣ ವಾದ್ಯದಲ್ಲಿ ಇರಲಿಲ್ಲ, ಹುಡುಗನಲ್ಲಿ ಇತ್ತು ಎಂಬುದು ಇದರಿಂದ ಸಿದ್ಧವಾಯಿತು. ಹುಡುಗನನ್ನು ಬಿಲ್ಲಿಗೆ ಸೇರಿಸುವ ಪದ್ಧತಿ ಇನ್ನೂ ಬಂದಿಲ್ಲ.

ದ್ವಿತೀಯ ಪ್ರತ್ಯಕ್ಷ ಬೀದಿಯಲ್ಲಿ. ಗಿಟಾರಿನ ಚೀಲ ಹೆಗಲಿಗೇರಿಸಿ ನಡೆಯುವ ನರೆತ ತಲೆಯವನನ್ನು ಕಂಡು ಆಟೋದವರು, ಹೂವಿನವರು, ಡಿವಿಜಿ ರಸ್ತೆಯ ಪರಿಚಿತರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಮಗನಿಗಾ ಸಾರ್?’ ತಾರ್ಕಿಕರು ಇದನ್ನು ಅನುಮಾನ ಪ್ರಮಾಣ ಎನ್ನುತ್ತಾರೆ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಎಲ್ಲೆಲ್ಲಿ ಗಿಟಾರೋ ಅಲ್ಲಲ್ಲಿ ಮಗ. ‘ಇಲ್ಲ, ನನಗೇ’ ಎಂಬ ಉತ್ತರ ಬಂದಾಗ ಪ್ರಶ್ನಿಸಿದವರ ಮುಖದಲ್ಲಿ ಮೂಡುವ ಭಾವಕ್ಕೆ ಭರತನ ಪಟ್ಟಿಯಲ್ಲಿ ಹೆಸರಿಲ್ಲ. ಕರುಣಕ್ಕೂ ಅದ್ಭುತಕ್ಕೂ ನಡುವೆ ಎಲ್ಲೋ ಬರುತ್ತದೆ.

ತೃತೀಯ ಪ್ರತ್ಯಕ್ಷ ಮನೆಯ ಹಜಾರದಲ್ಲಿ, ರೆಡ್ ಆಕ್ಸೈಡ್ ನೆಲದ ಮೇಲೆ, ಹಾಸಿದ ಹಳೇ ಪಂಚೆಯ ಮೇಲೆ. ಚೀಲದ ಜಿಪ್ಪು ಎಳೆದಾಗ ಮೊದಲು ಬರುವುದು ವಾಸನೆ: ವಾರ್ನಿಷಿನದು, ರಬ್ಬರಿನದು, ಎಲ್ಲೋ ಹಡಗಿನಲ್ಲಿ ಬಂದ ಡಬ್ಬಿಯದು. ಎತ್ತಿದರೆ ಸುಮಾರು 3.5 ಕಿಲೋ. ಒಡಲು ಇಡೀ ಮರದ ಹಲಗೆ. ವೀಣೆಯ ಕೊಡದಂತೆ ಒಳಗೆ ಟೊಳ್ಳಿಲ್ಲ, ಸಾದಾ ಗಿಟಾರಿನಂತೆ ಹೊಟ್ಟೆಯಲ್ಲಿ ತೂತಿಲ್ಲ. ಹಲಗೆಯ ಮೇಲೆ ಬಿಳಿಯ ಪ್ಲಾಸ್ಟಿಕ್ ತಟ್ಟೆ, ಆ ತಟ್ಟೆಯ ಮೇಲೆ ಗೀರು ಬೀಳದಿರಲೆಂದು ಅಂಟಿಸಿದ ಪಾರದರ್ಶಕ ಹಾಳೆ.

ಈ ಹಾಳೆಯ ಒಂದು ಮೂಲೆ ತಾನಾಗಿಯೇ ಎದ್ದಿತ್ತು. ಗ್ರಂಥಕಾರ ಉಗುರಿನಿಂದ ಅದನ್ನು ಹಿಡಿದ ಕೂಡಲೇ ಅಡುಗೆಮನೆಯಿಂದ ಆಕ್ಷೇಪಣೆ ಬಂತು. ‘ಏನ್ರೀ, ತೆಗೀಬೇಡಿ ಅದನ್ನ. ಹೊಸದಾಗಿರ್ಲಿ.’ ಹೀಗೆ ಹೇಳಿದವರ ಟಿವಿ ರಿಮೋಟು ಇವತ್ತಿಗೂ ಪ್ಲಾಸ್ಟಿಕ್ ಚೀಲದೊಳಗಿದೆ, ಫ್ರಿಜ್ಜಿನ ಹಿಡಿಗೆ ಅಂಗಿಯಿದೆ. ಹಾಳೆ ಹಾಗೇ ಉಳಿಯಿತು. ಬೆರಳು ತಾಗಿದಾಗಲೆಲ್ಲ ಅದು ಚರ್ ಎನ್ನುತ್ತದೆ. ಈ ಗಿಟಾರು ಕರೆಂಟಿಲ್ಲದೆ ಹೊರಡಿಸುವ ಅತಿ ದೊಡ್ಡ ಶಬ್ದ ಇದೇ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಇನ್ನು ಸ್ವಿಚ್ಚು. ಮೂರು ಪಿಕಪ್ಪುಗಳಲ್ಲಿ ಯಾವುದರ ನಾದ ಬೇಕೆಂದು ಆರಿಸಲು ಇರುವ ಇದಕ್ಕೆ ಐದು ಸ್ಥಾನಗಳು. 1954ರಲ್ಲಿ ಇದ್ದದ್ದು ಮೂರೇ. ನುಡಿಸುವವರು ಸ್ವಿಚ್ಚನ್ನು ಎರಡು ಸ್ಥಾನಗಳ ಮಧ್ಯೆ ನಿಲ್ಲಿಸಿ, ಎರಡು ಪಿಕಪ್ಪು ಕೂಡಿದ ನಾದವನ್ನು ಕಳ್ಳದಾರಿಯಲ್ಲಿ ಪಡೆಯುತ್ತಿದ್ದರು. 1977ರಲ್ಲಿ ಕಂಪನಿಯೇ ಸೋತು ಐದು ಸ್ಥಾನಗಳ ಸ್ವಿಚ್ಚು ಹಾಕಿತು. ರೂಢಿಯೇ ಕಾಲಾಂತರದಲ್ಲಿ ಶಾಸ್ತ್ರವಾಗುತ್ತದೆಂಬುದಕ್ಕೆ ಧರ್ಮಶಾಸ್ತ್ರದವರು ಇನ್ನು ಮುಂದೆ ಈ ಉದಾಹರಣೆಯನ್ನೂ ಬಳಸಬಹುದು.

4. ಕಾಂತ ಪ್ರಕರಣ

ಪಿಕಪ್ಪೆಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಕಾಂತಕ್ಷೇತ್ರ ಅಲುಗುತ್ತದೆ; ಕಾಂತಕ್ಷೇತ್ರ ಅಲುಗಿದರೆ ತಾಮ್ರದಲ್ಲಿ ಕರೆಂಟು ಹುಟ್ಟುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದ. ಹೀಗೆ ಹುಟ್ಟಿದ ಕರೆಂಟು ತೀರಾ ಬಡಕಲು. ಅದನ್ನು ಕೇಬಲಿನಲ್ಲಿ ಆಂಪ್ಲಿಫೈಯರಿಗೆ ಸಾಗಿಸಿ, ಉಣಿಸಿ ತಿನಿಸಿ ಬೆಳೆಸಿ, ಸ್ಪೀಕರಿನಿಂದ ಹೊರಡಿಸಬೇಕು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪಿಕಪ್ಪು ಗಾಳಿಯಲ್ಲಿ ಬರುವ ಶಬ್ದವನ್ನು ಕೇಳಿಸಿಕೊಳ್ಳುವುದೇ ಇಲ್ಲ. ಅದರ ಮುಂದೆ ನಿಂತು ಹಾಡಿದರೂ ಕೂಗಿದರೂ ಹೆಚ್ಚುಕಡಿಮೆ ನಿರ್ಲಿಪ್ತ. ಉಕ್ಕು ಅದುರಿದರೆ ಮಾತ್ರ ಅದಕ್ಕೆ ಎಚ್ಚರ. ಪಕ್ಕದ ಮನೆಯ ಪ್ರೆಷರ್ ಕುಕ್ಕರು, ಎದುರು ಮನೆಯ ಡ್ರಿಲ್ಲಿಂಗು, ಬೀದಿಯಲ್ಲಿ ‘ಹಳೇ ಪೇಪರ್’ ಎನ್ನುವವನ ದನಿ ಯಾವುದೂ ಗಿಟಾರಿನ ಕಿವಿಗೆ ಬೀಳದು. ಇಂಥ ಸಮಾಧಿಸ್ಥಿತಿಗಾಗಿ ಜನ ಆಶ್ರಮಗಳಿಗೆ ಹೋಗುತ್ತಾರೆ.

ಇನ್ನೊಂದು ಮುಖ: ಒಡಲು ಗಟ್ಟಿಹಲಗೆಯಾದ್ದರಿಂದ ತಂತಿಯ ಅದುರನ್ನು ಹಿಡಿದು ಹಿಗ್ಗಿಸುವ ಟೊಳ್ಳಿಲ್ಲ. ಆಂಪ್ಲಿಫೈಯರಿಗೆ ಸಿಕ್ಕಿಸದೆ ಮೀಟಿದರೆ ಬರುವುದು ಒಂದು ಸಣ್ಣ ಟಿಣ್. ನುಡಿಸಿದವನಿಗೆ ಕೇಳುತ್ತದೆ, ಬಾಗಿಲಾಚೆ ಕೇಳುವುದಿಲ್ಲ. ಟೊಳ್ಳೊಡಲಿಗೆ ಪಿಕಪ್ಪು ಹಾಕಿದರೆ ಸ್ಪೀಕರಿನ ಶಬ್ದಕ್ಕೆ ಒಡಲೇ ಕಂಪಿಸಿ ಮತ್ತೆ ಊಳಿಡುತ್ತದೆಂದೇ ಗಟ್ಟಿಹಲಗೆಯ ಗಿಟಾರು ಬಂದದ್ದು. ಜೋರಾಗಿ ನುಡಿಸಲು ಅನುಕೂಲವಾಗಲೆಂದು ಮಾಡಿದ ಏರ್ಪಾಟು, ಪ್ಲಗ್ಗು ಕಿತ್ತಾಗ ಅದನ್ನು ಮೂಕವಾಗಿಸಿತು. ನಮ್ಮ ಸಿದ್ಧಾಂತದ ಬೀಜ ಇಲ್ಲಿದೆ.

5. ಪೂರ್ವಪಕ್ಷಗಳು ಮತ್ತು ಖಂಡನೆ

ಹಳೇ ಬೆಂಗಳೂರಿನ ಮೂರು ಪೇಟೆಗಳಿಂದ ಮೂರು ಆಕ್ಷೇಪಗಳು ಬಂದವು. ಒಂದೊಂದನ್ನೇ ಎತ್ತಿಕೊಳ್ಳುತ್ತೇವೆ.

ಚಾಮರಾಜಪೇಟೆ ಪಕ್ಷ. ಇದರ ವಕ್ತಾರರು ಗ್ರಂಥಕಾರನ ಸೋದರಮಾವ. ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವಕ್ಕೆ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ತಪ್ಪದೆ ಹಾಜರಾಗುವವರು. ಅವರ ವಾದ: ‘ಪರದೇಶಿ ವಾದ್ಯ ಕಣಯ್ಯ ಇದು. ನಮ್ಮ ಮನೆತನಕ್ಕೆ ಸಲ್ಲದು.’

ಉತ್ತರ: ಹಾಗಿದ್ದರೆ ಪಿಟೀಲು ಎಲ್ಲಿಯದು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನು ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದರಲ್ಲೇ ಕಛೇರಿ ಮಾಡಿ 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನವರೆಗೆ ಹೋದರು. ಯು. ಶ್ರೀನಿವಾಸ್ ಹುಡುಗನಾಗಿದ್ದಾಗಲೇ ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ವಿದ್ವಾಂಸರ ತಲೆದೂಗಿಸಿದರು. ಅದು ಎಲೆಕ್ಟ್ರಿಕ್ ಎಂದು ಚಪ್ಪರ ಬಿಟ್ಟು ಎದ್ದುಹೋದವರುಂಟೆ? ಹೋಗಲಿ, ಪಿಟೀಲಿನ ಆಕಾರದಲ್ಲಿ, ತಂತಿ ಬಿರಡೆ ಸಮೇತ, ಸಾವಿರ ಜನ ಕೂರುವ ಚೌಡಯ್ಯ ಸ್ಮಾರಕ ಭವನವನ್ನೇ ಕಟ್ಟಿಕೊಂಡ ಊರಿದು. ಪರದೇಶಿ ವಾದ್ಯದ ಹೊಟ್ಟೆಯೊಳಗೆ ಕೂತು ಪರದೇಶಿ ವಾದ್ಯವನ್ನು ಆಕ್ಷೇಪಿಸುವುದು ಸ್ವವಚನ ವ್ಯಾಘಾತ.

ಮಾವ ಒಂದು ಹೆಜ್ಜೆ ಹಿಂದೆ ಸರಿದು ತೆರಿಗೆಯ ಪ್ರಮಾಣ ತಂದರು. ಕೈಯಿಂದ ಮಾಡಿದ ದೇಶೀ ವಾದ್ಯಗಳಾದ ವೀಣೆ ತಂಬೂರಿಗಳಿಗೆ ಜಿಎಸ್‌ಟಿ ಇಲ್ಲ; ಗಿಟಾರಿಗೆ ಇದೆ. ಸರ್ಕಾರವೇ ಭೇದ ಮಾಡಿದ ಮೇಲೆ? ನಾವೆಂದೆವು: ತೆರಿಗೆ ಕಟ್ಟಿದ್ದರಿಂದಲೇ ಅದಕ್ಕೆ ಪೌರತ್ವ ಬಂತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ರಾಜಿಯ ಷರತ್ತು ಮುಂದಿಟ್ಟರು: ‘ಆಯ್ತು. ಆದ್ರೆ ನಿಂತ್ಕೊಂಡು ನುಡಿಸ್ಬೇಡ. ಕೂತ್ಕೊಂಡು ನುಡಿಸು.’ ಒಪ್ಪಿದೆವು. ಮಂಡಿಯೂ ಅದನ್ನೇ ಹೇಳುತ್ತಿತ್ತು.

ಮಲ್ಲೇಶ್ವರ ಪಕ್ಷ. ಇದು ಹೆಚ್ಚು ಗಂಭೀರ, ಏಕೆಂದರೆ ಇದರ ವಕ್ತಾರರು ಗ್ರಂಥಕಾರನ ತಾಯಿ. ಹದಿನೈದನೇ ಕ್ರಾಸಿನ ತವರಿನಲ್ಲಿ ವೀಣೆ ಕಲಿತವರು. ವಾದ: ‘ಇದ್ರಲ್ಲಿ ಗಮಕ ಬರುತ್ತೇನೋ? ಮೆಟ್ಟಿಲು ಮೆಟ್ಟಿಲಾಗಿ ಹಾರ್ಮೋನಿಯಂ ತರಹ ಕುಪ್ಪಳಿಸತ್ತೆ ಅಷ್ಟೆ.’

ಖಂಡನೆಗೆ ನಾವು ಬಾಯಿ ತೆರೆಯುವ ಮೊದಲೇ ಪ್ರಯೋಗ ನಡೆದುಹೋಯಿತು. ಅಮ್ಮ ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು ಗಿಟಾರನ್ನು ಎರಡೂ ಕೈಯಿಂದ ತೆಗೆದುಕೊಂಡು, ಅದನ್ನು ಎದೆಗಾನಿಸದೆ ತೊಡೆಯ ಮೇಲೆ ಮಲಗಿಸಿಕೊಂಡರು. ಪಿಕ್ಕನ್ನು ‘ಇದೇನಿದು ಗುಂಡಿ’ ಎಂದು ಪಕ್ಕಕ್ಕಿಟ್ಟರು. ದಪ್ಪ ತಂತಿಯನ್ನು ಷಡ್ಜವಾಗಿ ಹಿಡಿದು, ಎಡಗೈಯನ್ನು ಮೇಲಿನಿಂದ ಬಳಸಿ, ಸರಳೆ ವರಸೆಗೆ ಸ್ಥಾನ ಹುಡುಕತೊಡಗಿದರು. ಖಾಲಿ ತಂತಿ ಸ, ಮೊದಲ ಮೆಟ್ಟಿಲು ರಿ, ನಾಲ್ಕು ಗ, ಐದು ಮ, ಏಳು ಪ, ಎಂಟು ದ, ಹನ್ನೊಂದು ನಿ, ಹನ್ನೆರಡು ಮೇಲಿನ ಸ. ಮಾಯಾಮಾಳವಗೌಳ ಪೂರ್ತಿ ಸಿಕ್ಕಿತು. ಗಿಟಾರಿನ ಕಂಠದ ಮೇಲೆ ದಾರಿತೋರಿಸಲೆಂದು ಇಟ್ಟ ಚುಕ್ಕೆಗಳಲ್ಲಿ, ಹನ್ನೆರಡನೆಯ ಮೆಟ್ಟಿಲಿನವರೆಗೆ, ಈ ರಾಗಕ್ಕೆ ಒದಗಿದ್ದು 5, 7 ಮತ್ತು 12ರವು ಮಾತ್ರ. ಉಳಿದ ಚುಕ್ಕೆಗಳು ಬೇರೆ ಯಾರದೋ ಊರಿಗೆ ದಾರಿ. ಆಮೇಲೆ ಅಮ್ಮ ಐದನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಅಡ್ಡಕ್ಕೆ ಎಳೆದರು. ಮಧ್ಯಮ ತೂಗಾಡಿ ಪಂಚಮದತ್ತ ಹೋಗಿ ಬಂತು. ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು.

ವೀಣೆಗೂ 24 ಮೆಟ್ಟಿಲುಗಳುಂಟು, ಅಲ್ಲೂ ಗಮಕ ಹುಟ್ಟುವುದು ತಂತಿಯನ್ನು ಪಕ್ಕಕ್ಕೆ ಎಳೆಯುವುದರಿಂದಲೇ. ಗಿಟಾರಿಗೆ 22 ಮೆಟ್ಟಿಲು. ಬ್ಲೂಸ್ ನುಡಿಸುವವರು ಮಾಡುವುದೂ ಅದೇ ಎಳೆತ. ವ್ಯತ್ಯಾಸವೆಂದರೆ ವೀಣೆಯ ಮೆಟ್ಟಿಲನ್ನು ಮೇಣದಲ್ಲಿ ಕೂರಿಸುತ್ತಾರೆ, ಸ್ಥಾನ ತಪ್ಪಿದರೆ ಮೇಣ ಕಾಯಿಸಿ ಸರಿಪಡಿಸಬಹುದು. ಇಲ್ಲಿ ಲೋಹದ ಮೆಟ್ಟಿಲನ್ನು ಮರಕ್ಕೆ ಬಡಿದಿದ್ದಾರೆ, ತಪ್ಪೆಲ್ಲ ನುಡಿಸುವವನದೇ. ಪ್ರಯೋಗಾಂತ್ಯದಲ್ಲಿ ಅಮ್ಮನಿಂದ ಬಂದ ಅಭಿಪ್ರಾಯವನ್ನು ನಮ್ಮ ಸಿದ್ಧಾಂತಕ್ಕೆ ಪ್ರಬಲ ಸಾಕ್ಷಿಯೆಂದು ದಾಖಲಿಸುತ್ತೇವೆ: ‘ಎಲ್ಲಾ ಸರಿ ಕಣೋ, ದನಿಯೇ ಇಲ್ವಲ್ಲ ಇದಕ್ಕೆ!’

ಬಸವನಗುಡಿ ಪಕ್ಷ. ವಕ್ತಾರರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ನಮ್ಮ ಅವರ ನಡುವೆ ಇರುವುದು ಒಂದೇ ಗೋಡೆ. ಅವರು ಕಾಂಪೌಂಡಿನ ಆಚೆಯಿಂದಲೇ ಕೇಳಿದರು: ‘ಎಲೆಕ್ಟ್ರಿಕ್ ಗಿಟಾರ್ ಅಂತೆ? ಮಧ್ಯಾಹ್ನ ಎರಡರಿಂದ ನಾಲ್ಕು ನಾನು ಸ್ವಲ್ಪ ಒರಗ್ತೀನಿ ಸ್ವಾಮಿ.’ ವಾದ ಸ್ಪಷ್ಟ: ಇದು ಗದ್ದಲದ ವಾದ್ಯ.

ಉತ್ತರ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಮೇಷ್ಟ್ರ ಮನೆಯ ಮಿಕ್ಸಿ ಚಟ್ನಿ ರುಬ್ಬುವಾಗ ಈ ನಿಯಮವನ್ನು ಓದಿದಂತೆ ಕಾಣುವುದಿಲ್ಲ. ಪ್ಲಗ್ಗಿಲ್ಲದ ಗಿಟಾರಾದರೋ ಅದರ ಪಾಲಿಗೆ ನಿಯಮವೇ ಅನಗತ್ಯ. ಪ್ಲಗ್ಗು ಹಾಕಿದರೂ ಆಂಪ್ಲಿಫೈಯರಿನ ಮುಂಭಾಗದಲ್ಲಿ ಹೆಡ್‌ಫೋನಿಗೆಂದು ತೂತೊಂದಿದೆ; ಅದರಲ್ಲಿ ಸಿಕ್ಕಿಸಿದೊಡನೆ ಸ್ಪೀಕರು ಬಾಯಿ ಮುಚ್ಚಿಕೊಳ್ಳುತ್ತದೆ. ವೀಣೆಗೆ, ಮೃದಂಗಕ್ಕೆ, ನಾಗಸ್ವರಕ್ಕೆ ಇಂಥ ತೂತು ಉಂಟೆ?

6. ಗಿಟಾರು–ಆಂಪ್ಲಿಫೈಯರ್ ಸಂಬಂಧ: ಮತತ್ರಯ

ಎಂ.ಎನ್. ಕೃಷ್ಣರಾವ್ ಪಾರ್ಕಿನ ಬೆಳಗಿನ ವಾಕಿಂಗಿನ ಬಳಿಕ ಕಲ್ಲುಬೆಂಚಿನ ಮೇಲೆ ಸೇರುವ ವಿದ್ವತ್ಸಭೆಯ ಮುಂದೆ ಪ್ರಶ್ನೆಯೊಂದನ್ನಿಟ್ಟೆವು: ಗಿಟಾರು ಮತ್ತು ಆಂಪ್ಲಿಫೈಯರು ಒಂದೋ ಎರಡೋ? ಮೂರು ಮಠಗಳ ಶಿಷ್ಯರೂ ಇರುವ ಪಾರ್ಕಾದ್ದರಿಂದ ಮೂರು ಉತ್ತರಗಳು ಬಂದವು.

ಉತ್ತರಾದಿ ಮಠದ ಕಡೆಯವರು: ಎರಡೂ ಸತ್ಯ, ಎರಡೂ ಬೇರೆ, ಭೇದ ನಿತ್ಯ. ಬೇಕಿದ್ದರೆ ಬಿಲ್ಲು ನೋಡಿ, ಬೇರೆ ಬೇರೆ ಹಾಕಿದ್ದಾರೆ.

ಶಂಕರಪುರದ ಕಡೆಯವರು: ಇರುವುದು ಕರೆಂಟೊಂದೇ. ಗಿಟಾರು, ಆಂಪ್ಲಿಫೈಯರು, ನುಡಿಸುವವನು, ಕೇಳುವವನು ಎಂಬುದೆಲ್ಲ ತೋರಿಕೆ. ಸಂಜೆ ಕರೆಂಟು ಹೋದಾಗ ಇದು ತಾನಾಗಿಯೇ ಅನುಭವಕ್ಕೆ ಬರುತ್ತದೆ.

ಮೇಲುಕೋಟೆಯ ಕಡೆಯವರು: ಗಿಟಾರು ಶರೀರಿ, ಆಂಪ್ಲಿಫೈಯರು ಶರೀರ, ಬೇರೆಯೂ ಹೌದು, ಬಿಡಿಸಲಾಗದ್ದೂ ಹೌದು. ನಡುವಿನ ಕೇಬಲ್ಲೇ ಶರಣಾಗತಿ. ಅದರ ಬೆಸುಗೆ ಬಿಟ್ಟರೆ ಕರಕರ ಎನ್ನುವ ಸಂಸಾರವೇ ಗತಿ.

ಸಭೆ ತೀರ್ಮಾನವಿಲ್ಲದೆ ಮುಗಿದು, ಎಲ್ಲರೂ ಒಟ್ಟಿಗೆ ಕಾಫಿಗೆ ಹೋದರು. ಕಾಫಿಯ ವಿಷಯದಲ್ಲಿ ಮತಭೇದವಿರಲಿಲ್ಲ.

7. ವಿದ್ಯುತ್ ಪ್ರಕರಣ

ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿದೀಪಗಳಿಗೆ ಬಂದದ್ದು 1905ರಲ್ಲಿ. ಬೆಂಗಳೂರು ಗಾಯನ ಸಮಾಜ ಹುಟ್ಟಿದ್ದೂ 1905ರಲ್ಲೇ. ಕರೆಂಟು ಮತ್ತು ಸಭಾ ಕಛೇರಿ ಒಂದೇ ವರ್ಷ ಊರಿಗೆ ಬಂದ ಮೇಲೆ ಇವೆರಡರ ಜಾತಕ ಕೂಡಿಬಂದದ್ದರಲ್ಲಿ ಆಶ್ಚರ್ಯವಿಲ್ಲ; ಮದುವೆ ಇಷ್ಟು ತಡವಾಯಿತೇಕೆ ಎಂಬುದೇ ಪ್ರಶ್ನೆ.

ಮೊದಲ ಸಲ ಪ್ಲಗ್ಗು ಹಾಕಿದಾಗ ಕೇಳಿಬಂದದ್ದು ಸಂಗೀತವಲ್ಲ, ಒಂದು ಮೊರೆತ: ಹ್ಮ್‌ಮ್‌ಮ್. ಒಂಟಿ ಸುರುಳಿಯ ಪಿಕಪ್ಪು ಮನೆಯ ವೈರಿಂಗಿನ ಕಾಂತಕ್ಷೇತ್ರವನ್ನೂ ಹೀರಿಕೊಳ್ಳುವುದರಿಂದ ಬರುವ ಶಬ್ದವಿದು. ಇದನ್ನು ದೋಷವೆಂದು ಬಗೆದು ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳ ಪಿಕಪ್ಪು ಮಾಡಿ ಒಂದರ ಮೊರೆತವನ್ನು ಇನ್ನೊಂದರಿಂದ ಅಡಗಿಸಿದ. ಅವನು ಅಮೆರಿಕದವನು. ಅಲ್ಲಿನ ವಿದ್ಯುತ್ತಿಗೆ ಸೆಕೆಂಡಿಗೆ 60 ಆವರ್ತನ. ಅದು ಎ ಶಾರ್ಪಿಗೂ ಬಿ ಸ್ವರಕ್ಕೂ ನಟ್ಟನಡುವೆ ಬೀಳುತ್ತದೆ. ಯಾವ ಶ್ರುತಿಗೂ ಸೇರದ ತ್ರಿಶಂಕು. ಅವನು ಅಸಹನೆಗೊಂಡದ್ದು ನ್ಯಾಯವೇ.

ನಮ್ಮದು 50 ಆವರ್ತನ. ಕೆಳಗಿನ ಜಿ ಸ್ವರ ಇರುವುದು 49ರಲ್ಲಿ. ಅಂದರೆ ನಮ್ಮ ಕರೆಂಟು ಮೊರೆಯುವುದು ಐದು ಮನೆ ಶ್ರುತಿಗೆ ಸ್ವಲ್ಪವೇ ಮೇಲೆ, ನಮ್ಮ ಅನೇಕ ಗಾಯಕಿಯರು ಹಾಡಲು ಕೂರುವ ಶ್ರುತಿಯ ಮಗ್ಗುಲಲ್ಲಿ. ಕಾವೇರಿಯ ನೀರಿಗೆ ಸಂಗೀತಜ್ಞಾನವಿದೆಯೆಂದು ಹಿರಿಯರು ಹೇಳುತ್ತಿದ್ದುದು ಈಗ ವೈಜ್ಞಾನಿಕವಾಗಿ ಸಿದ್ಧವಾಯಿತು. ಗ್ರಂಥಕಾರನ ಧರ್ಮಪತ್ನಿ ತರಕಾರಿ ಹೆಚ್ಚುತ್ತ ಆ ಮೊರೆತಕ್ಕೇ ದನಿ ಕೂಡಿಸಿ ಗುನುಗಿದ್ದನ್ನು ಪ್ರಮಾಣವಾಗಿ ಕೊಡಬಹುದು; ಅವರು ಅದನ್ನು ಒಪ್ಪುತ್ತಿಲ್ಲ.

ಆದರೂ ಮೊರೆತ ವಿಪರೀತವೆನಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಅವನು ಕರಿಯ ಹಳೇ ಸ್ವಿಚ್‌ಬೋರ್ಡು ಬಿಚ್ಚಿ, ಟೆಸ್ಟರ್ ಇಟ್ಟು, ‘ಸಾರ್, ಮನೆಗೆ ಅರ್ಥಿಂಗೇ ಇಲ್ಲ. ತಾತನ ಕಾಲದ್ದು’ ಎಂದ. ಪಾರಿಜಾತದ ಪಕ್ಕ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪು ಇಳಿಸಿ, ವೈರು ಎಳೆದ. ಅಂದಿನಿಂದ ತಂತಿಯ ಮೇಲೆ ಕೈಯಿಟ್ಟರೆ ಮೊರೆತ ತಗ್ಗುತ್ತದೆ, ಎತ್ತಿದರೆ ಏರುತ್ತದೆ. ತಂತಿಗಳೂ ಅರ್ಥಿಂಗಿಗೆ ಸೇರಿರುವುದರಿಂದ ಮುಟ್ಟಿದವನ ಮೈಯೂ ನೆಲಕ್ಕೆ ಕೂಡಿಕೊಳ್ಳುತ್ತದೆ, ಕಾರಣ ಅಷ್ಟೇ. ಗಿಟಾರಿನಿಂದ ಮನೆಗೆ ಆದ ಮೊದಲ ಲಾಭ ಗೀಸರು ಮುಟ್ಟಿದರೆ ಚುರುಕ್ ಎನ್ನದಿರುವುದು.

8. ಪೂಜಾ ನಿರ್ಣಯ

ನವರಾತ್ರಿ ಹತ್ತಿರ ಬಂದಾಗ ಧರ್ಮಸೂಕ್ಷ್ಮವೊಂದು ತಲೆಯೆತ್ತಿತು. ಪುಸ್ತಕ, ವೀಣೆ, ತಂಬೂರಿಗಳು ಸರಸ್ವತಿ ಪೂಜೆಗೆ ಸಲ್ಲುತ್ತವೆ. ಸ್ಕೂಟರು, ಮಿಕ್ಸಿ, ಸುತ್ತಿಗೆ, ಇಳಿಗೆಮಣೆಗಳು ಮಹಾನವಮಿಯ ಆಯುಧಪೂಜೆಗೆ. ವಿದ್ಯುತ್ ಗಿಟಾರು ಯಾವ ಕಡೆ? ವಾದ್ಯವೆಂದರೆ ಪ್ಲಗ್ಗಿದೆ, ಯಂತ್ರವೆಂದರೆ ತಂತಿಯಿದೆ. ಸೋದರಮಾವ ಪಂಚಾಂಗ ತೆಗೆದರು, ನಿರ್ಣಯ ಸಿಗಲಿಲ್ಲ. ಮೇಷ್ಟ್ರು ಎರಡೂ ದಿನ ಇಡಿ ಎಂದರು. ಒಂದೇ ವಸ್ತುವಿಗೆ ಎರಡು ಅಧಿದೇವತೆ ಸಲ್ಲದೆಂದು ಅದು ಬಿದ್ದುಹೋಯಿತು.

ಅಮ್ಮ ಹೂವು ಕಟ್ಟುತ್ತಲೇ ತೀರ್ಪು ಕೊಟ್ಟರು: ‘ಗಿಟಾರು ಸರಸ್ವತಿಗೆ, ಆ ಡಬ್ಬಿ ಆಯುಧಕ್ಕೆ. ವೈರಿಗೆ ಎರಡೂ ತುದಿಗೆ ಒಂದೊಂದು ಬೊಟ್ಟು ಇಡು.’ ಅಮೆರಿಕದ ಪೇಟೆಂಟು ಕಚೇರಿ ಮೂರು ವರ್ಷ ತಲೆ ಕೆರೆದುಕೊಂಡ ವಸ್ತುವಿನ ವಿಷಯ ಅರ್ಧ ಮೊಳ ಮಲ್ಲಿಗೆ ಕಟ್ಟುವುದರೊಳಗೆ ಇತ್ಯರ್ಥವಾಯಿತು. ಅರಿಸಿನ ಕುಂಕುಮ ಆ ಪ್ಲಾಸ್ಟಿಕ್ ಹಾಳೆಯ ಮೇಲೆಯೇ ಬಿದ್ದದ್ದರಿಂದ ಹಾಳೆ ಉಳಿಸಿಕೊಂಡದ್ದು ಎಷ್ಟು ದೂರದೃಷ್ಟಿಯ ಕೆಲಸವೆಂಬುದನ್ನು ಅಡುಗೆಮನೆಯ ಪಕ್ಷದವರು ಎತ್ತಿ ತೋರಿಸಿದರು.

9. ಸಿದ್ಧಾಂತ, ಉತ್ಥಿತ ದೋಷ ಮತ್ತು ಫಲಶ್ರುತಿ

ಹೀಗೆ ವಿದ್ಯುತ್ ಗಿಟಾರು ಮೌನವಾದ್ಯವೆಂದು ಸಿದ್ಧವಾಯಿತು. ಕೊನೆಯ ಸಾಲಿಗೆ ಕೇಳಲೆಂದು ಹುಟ್ಟಿದ ವಾದ್ಯ ಬಸವನಗುಡಿಗೆ ಬಂದು, ಹೆಡ್‌ಫೋನು ತೊಟ್ಟು, ಒಬ್ಬನೇ ಕೂತ ಮೊದಲ ಸಾಲಿನ ಶ್ರೋತೃವಿಗೆ ಮಾತ್ರ ಕಛೇರಿ ಕೊಡುತ್ತಿದೆ. ಅಪಸ್ವರಕ್ಕೆ ಸಾಕ್ಷಿಯಿಲ್ಲ, ತಾಳ ತಪ್ಪಿದ್ದಕ್ಕೆ ದಾಖಲೆಯಿಲ್ಲ. ಇಂಥ ಸೌಲಭ್ಯ ಬೇರೆ ಯಾವ ವಿದ್ವಾಂಸನಿಗೂ ಇರಲಿಲ್ಲ.

ಆದರೆ ಸಿದ್ಧಾಂತ ಗಟ್ಟಿಯಾದೊಡನೆ ಅನಿರೀಕ್ಷಿತ ದೋಷವೊಂದು ಎದ್ದಿದೆ. ಮೊನ್ನೆ ಮೇಷ್ಟ್ರು ಅದೇ ಕಾಂಪೌಂಡಿನ ಆಚೆಯಿಂದ, ಆದರೆ ಬೇರೆ ದನಿಯಲ್ಲಿ ಕೇಳಿದರು: ‘ಏನ್ ಸ್ವಾಮಿ, ಗಿಟಾರು ತಂದ್ರಿ, ಒಂದಿನಾನೂ ಕೇಳ್ಲಿಲ್ವಲ್ಲ? ಸುಮ್ನೆ ಇಟ್ಟುಬಿಟ್ರಾ?’ ದಿನವೂ ನುಡಿಸುತ್ತೇನೆಂದರೆ ನಂಬಲಿಲ್ಲ. ಹೆಡ್‌ಫೋನಿನ ವಿಷಯ ಹೇಳಿದರೆ, ಎಂದೋ ಓದಿದ ಪುಸ್ತಕದ ಹೆಸರು ಹೇಳುವ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. ಹಜಾರದ ವೀಣೆಯಂತೆ ಇದೂ ಧೂಳು ತಿನ್ನುತ್ತಿದೆಯೆಂದು ಬೀದಿಯಲ್ಲಿ ಮಾತಾಗಿದೆ. ಗದ್ದಲಕ್ಕೆ ಹೆದರಿದವರೇ ಈಗ ನಿಶ್ಶಬ್ದಕ್ಕೆ ಆಕ್ಷೇಪವೆತ್ತುತ್ತಿದ್ದಾರೆ. ನುಡಿಸಿದರೆ ಮಾನ ಹೋಗುತ್ತದೆ, ನುಡಿಸದಿದ್ದರೆ ದುಡ್ಡು ದಂಡವೆನ್ನುತ್ತಾರೆ.

ಪರಿಹಾರವಾಗಿ ಮಾವ, ಅಮ್ಮ, ಮೇಷ್ಟ್ರು ಮೂವರೂ ಸೇರಿ ವಿಧಿಯೊಂದನ್ನು ರಚಿಸಿದ್ದಾರೆ. ಶನಿವಾರ ಸಂಜೆ ನಾಲ್ಕಕ್ಕೆ, ಅಂದರೆ ಮೇಷ್ಟ್ರು ಎದ್ದು ಕಾಫಿ ಕುಡಿದ ಮೇಲೆ, ಹೆಡ್‌ಫೋನು ತೆಗೆದು, ವಾಲ್ಯೂಮ್ ಮೂರರಲ್ಲಿಟ್ಟು, ಕೂತುಕೊಂಡೇ, ಸರಳೆ ವರಸೆ ನುಡಿಸತಕ್ಕದ್ದು. ತಪ್ಪಿದರೆ ತಿದ್ದುವ ಅಧಿಕಾರ ಗೋಡೆಯ ಆಚೆಯವರಿಗೂ ಉಂಟು.

ಈ ಮೀಮಾಂಸೆಯನ್ನು ಓದಿದವನಿಗೆ ಕೊಳ್ಳದೆಯೇ ಗಿಟಾರು ಕೊಂಡ ಫಲ ಬರುತ್ತದೆ. ಕೊಂಡವನು ಓದಿದರೆ ನುಡಿಸಿದ ಫಲ. ನುಡಿಸುವವನು ಓದಿದರೆ, ಓದುವಷ್ಟು ಹೊತ್ತಾದರೂ ಅಕ್ಕಪಕ್ಕದವರಿಗೆ ಫಲ. ಬಿಲ್ಲನ್ನು ಪಂಚಾಂಗದೊಳಗೆ ಬಚ್ಚಿಟ್ಟವನಿಗೆ ಮುಂದಿನ ಯುಗಾದಿಯವರೆಗೆ ಗೃಹಶಾಂತಿ. ಹೊಸ ಪಂಚಾಂಗ ಬಂದ ದಿನ ಹಳೆಯದನ್ನು ತಾನೇ ಎತ್ತಿಡತಕ್ಕದ್ದು, ಬೇರೆಯವರ ಕೈಗೆ ಕೊಡಕೂಡದು.